ಅಕ್ಕ ಹೇಳಿದ ಎರಡು ಸಾಕ್ಷಿ

ನಾವಿಬ್ಬರೂ ಹನ್ನೊಂದು ವರ್ಷ ಒಂದೇ ಲಾಂಡ್ರಿಯಲ್ಲಿ ಅಕ್ಕಪಕ್ಕ ನಿಂತು ದುಡಿದವರು. ದೊಡ್ಡ ದೊಡ್ಡ ಹೋಟೆಲುಗಳ ಹಾಸಿಗೆಬಟ್ಟೆಗಳೆಲ್ಲ ನಮ್ಮಲ್ಲಿಗೆ ಬರುತ್ತಿದ್ದವು. ಒಗೆದು ಹಿಂಡಿದ ಬಟ್ಟೆಯ ಒಂದು ತುದಿಯನ್ನು ಅವಳು, ಇನ್ನೊಂದು ತುದಿಯನ್ನು ನಾನು ಹಿಡಿದು, ಒಮ್ಮೆ ಜಾಡಿಸಿ, ಇಸ್ತ್ರಿ ಯಂತ್ರದ ಕಾದ ಉರುಳೆಯ ಬಾಯಿಗೆ ಕೊಡಬೇಕು. ಬಟ್ಟೆ ಸ್ವಲ್ಪ ಓರೆಯಾದರೆ ಸುಕ್ಕು, ಕೈ ಸ್ವಲ್ಪ ಮುಂದೆ ಹೋದರೆ ಬೊಬ್ಬೆ. ನನ್ನ ಎಡಗೈಯಲ್ಲಿ ಈಗಲೂ ಮೂರು ಕಲೆಗಳಿವೆ. ಅವಳ ಕೈಯಲ್ಲಿ ಒಂದೂ ಇರಲಿಲ್ಲ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಮ್ಯಾನೇಜರಿನಿಂದ ಹಿಡಿದು ಲಾರಿ ಡ್ರೈವರಿನವರೆಗೆ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಭಾನುವಾರ ನಾವಿಬ್ಬರೂ ಹೋಗುತ್ತಿದ್ದುದೂ ಒಂದೇ ಚರ್ಚಿಗೆ. ನಮ್ಮ ಸಭೆಯಲ್ಲಿ ಪ್ರಾರ್ಥನೆಗೆಂದು ಎದ್ದರೆ ಕೂರುವುದನ್ನೇ ಮರೆತುಬಿಡುವವರಿದ್ದಾರೆ. ಅಕ್ಕನದು ಮೂರೇ ಮಾತು. ಯಾಕಕ್ಕ ಇಷ್ಟು ಬೇಗ ಮುಗಿಸಿದೆ ಎಂದು ಕೇಳಿದರೆ, "ಅವನಿಗೇನು ಕಿವಿ ಮಂದವಾ?" ಎನ್ನುವಳು.

ಅವಳಿಗೆ ಸ್ವಂತದ್ದು ಎಂದು ಇದ್ದವನು ಒಬ್ಬನೇ ತಮ್ಮ. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಇವಳಿಗೆ ಹದಿಮೂರು. ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಮದುವೆಯ ಮಾತು ಬಂದಾಗಲೆಲ್ಲ, ಇವನದೊಂದು ನೆಲೆಯಾಗಲಿ ಎಂದಳು. ಅವನದು ನೆಲೆಯಾಗುವ ಹೊತ್ತಿಗೆ ಅವಳನ್ನು ಕೇಳುವವರು ಯಾರೂ ಉಳಿದಿರಲಿಲ್ಲ. ಅದನ್ನು ಹೇಳಿಕೊಂಡು ಅವಳೇ ನಗುತ್ತಿದ್ದಳು.

ತಮ್ಮ ಕ್ಷೌರಿಕ. ಎರಡು ಕುರ್ಚಿಯ ಅಂಗಡಿ. ಕತ್ತರಿಗಿಂತ ಬಾಯಿಯೇ ಹೆಚ್ಚು ಓಡುತ್ತಿದ್ದುದರಿಂದ ಬೀದಿಯವರು ಅವನಿಗೆ 'ರೇಡಿಯೋ' ಎಂದು ಹೆಸರಿಟ್ಟಿದ್ದರು. ತಲೆ ಬೋಳಾದವರೂ ಅವನ ಮಾತು ಕೇಳಲು ಬಂದು ಕೂರುತ್ತಿದ್ದರು. ಚರ್ಚಿಗೂ ಬರುತ್ತಿದ್ದ, ಆದರೆ ಕೊನೆಯ ಬೆಂಚಿಗೆ. ಬಾಗಿಲಿಗೆ ಹತ್ತಿರ ಅನ್ನುವುದು ಅವನ ಕಾರಣ.

ಅವನ ಕಾಲು ಊದತೊಡಗಿದ್ದು ಮೂವತ್ತೇಳನೆಯ ವಯಸ್ಸಿನಲ್ಲಿ. ದಿನವಿಡೀ ನಿಂತು ಕೆಲಸ ಮಾಡುವವನಿಗೆ ಕಾಲು ಊದುವುದು ಏನು ದೊಡ್ಡದು ಎಂದು ಎಲ್ಲರೂ ಸುಮ್ಮನಿದ್ದರು. ಒಂದು ಬೆಳಿಗ್ಗೆ ಮುಖವೂ ಊದಿತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ, ಎರಡು ಮೂತ್ರಪಿಂಡಗಳೂ ಸುರುಟಿ ಹೋಗಿವೆ ಎಂದರು. ಗೊತ್ತೇ ಆಗದಂತೆ ಏರಿದ್ದ ರಕ್ತದೊತ್ತಡ ಅವನ್ನು ಒಳಗೊಳಗೇ ತಿಂದುಹಾಕಿತ್ತು. ಅಲ್ಲಿಂದ ವಾರಕ್ಕೆ ಮೂರು ದಿನ ಡಯಾಲಿಸಿಸ್. ನಾಲ್ಕು ಗಂಟೆ ಅಲ್ಲಾಡದೆ ಮಲಗಬೇಕು. ರಕ್ತವೆಲ್ಲ ಒಂದು ಕೊಳವೆಯಲ್ಲಿ ಹೊರಗೆ ಹೋಗಿ, ಯಂತ್ರದಲ್ಲಿ ತೊಳೆದುಕೊಂಡು, ಇನ್ನೊಂದು ಕೊಳವೆಯಲ್ಲಿ ಒಳಗೆ ಬರಬೇಕು. "ನಿನ್ನದೂ ಲಾಂಡ್ರಿ, ನನ್ನದೂ ಲಾಂಡ್ರಿ," ಎಂದು ಅಕ್ಕನನ್ನು ನಗಿಸಲು ನೋಡಿದ. ಅವಳು ನಗಲಿಲ್ಲ.

ಎರಡು ವರ್ಷ ಹೀಗೇ ಕಳೆಯಿತು. ಬೇರೆ ಮೂತ್ರಪಿಂಡ ಜೋಡಿಸುವ ಮಾತು ಬಂದಾಗ ಅವನ ಹೆಂಡತಿ ತನ್ನದನ್ನು ಕೊಡುತ್ತೇನೆಂದು ಮುಂದೆ ಬಂದಳು. ಅವಳ ರಕ್ತ ಹೊಂದಲಿಲ್ಲ. ಅಕ್ಕನದು ಹೊಂದಿತು. ವೈದ್ಯರು ಆ ವಿಷಯ ಹೇಳಿದ ದಿನ ಅವಳು ಲಾಂಡ್ರಿಗೆ ಓಡುತ್ತಲೇ ಬಂದಳು. ಲಗ್ನ ಗೊತ್ತಾದ ಹುಡುಗಿಯ ಹಾಗಿತ್ತು ಅವಳ ಮುಖ.

ತಮ್ಮ ಒಪ್ಪಲಿಲ್ಲ. ನಾನು ಆ ದಿನ ಅವರ ಮನೆಯಲ್ಲೇ ಇದ್ದೆ.

"ಅಕ್ಕ, ನಿನ್ನ ಹತ್ರ ನಾನು ಈಗಾಗ್ಲೇ ಎಲ್ಲಾ ತಗೊಂಡಿದ್ದೀನಿ. ಒಳಗಿರೋದಾದ್ರೂ ಬಿಡ್ತೀನಿ."

"ಎರಡಿದೆಯಲ್ಲೋ. ದೇವರು ಎರಡು ಯಾಕೆ ಕೊಟ್ಟ ಅಂತೀಯ?"

"ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ."

"ಅದೇ. ನಿನ್ನದು ಕೆಟ್ಟಿದೆ. ನನ್ನ ಹತ್ರ ಇನ್ನೊಂದಿದೆ."

ಅವನ ಹೆಂಡತಿ ಮುಖಕ್ಕೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಹೋದಳು. ಮಾತಿನಲ್ಲಿ ಯಾರಿಗೂ ಸೋಲದ ರೇಡಿಯೋ ಆ ದಿನ ಸೋತ.

ಶಸ್ತ್ರಚಿಕಿತ್ಸೆಯ ಹಿಂದಿನ ಮೂರು ದಿನ ಸಭೆಯವರೆಲ್ಲ ಉಪವಾಸ ಪ್ರಾರ್ಥನೆ ಮಾಡಿದೆವು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಅಕ್ಕನ ಪಕ್ಕದ ಕೋಣೆಯಲ್ಲೇ ತಮ್ಮನನ್ನು ಮಲಗಿಸಿದ್ದರು. ಎರಡು ವರ್ಷದಿಂದ ಮೂತ್ರವೇ ಬರದಿದ್ದವನ ಹಾಸಿಗೆಯ ಪಕ್ಕದ ಚೀಲ ಅದೇ ಸಂಜೆ ತುಂಬತೊಡಗಿತು. ನರ್ಸ್ ಬಂದು ಹೇಳಿದಾಗ ಅಕ್ಕ ನೋವಿನಲ್ಲೇ ಎರಡು ಕೈ ಜೋಡಿಸಿದಳಂತೆ. ಮೂತ್ರಕ್ಕಾಗಿ ಯಾರಾದರೂ ದೇವರಿಗೆ ಸ್ತೋತ್ರ ಹೇಳಿದ್ದನ್ನು ನಾನು ಕೇಳಿದ್ದು ಆಗಲೇ.

ಮೂರು ತಿಂಗಳ ಮೇಲೆ ಅವಳು ಕೆಲಸಕ್ಕೆ ಬಂದಳು. ಚರ್ಚಿನಲ್ಲಿ ಎಲ್ಲರೂ, ಸಾಕ್ಷಿ ಹೇಳಬೇಕು, ದೇವರು ಮಾಡಿದ ಉಪಕಾರವನ್ನು ಸಭೆಯ ಮುಂದೆ ಹೇಳಬೇಕು ಎಂದು ಹಟ ಹಿಡಿದರು. ಅವಳಿಗೆ ಇಷ್ಟವಿರಲಿಲ್ಲ. ಕೊನೆಗೆ ಒಂದು ಭಾನುವಾರ ಎದ್ದು ಮುಂದೆ ಹೋಗಿ ನಿಂತಳು.

"ನನ್ನ ತಮ್ಮ ಸಾಯ್ತಾ ಇದ್ದ. ನಾನು ಕೇಳಿದೆ, ದೇವರು ಕೊಟ್ಟ. ಅವನಿಗೆ ಸ್ತೋತ್ರ."

ಅಷ್ಟೇ. ಚಪ್ಪಾಳೆ ಬಿತ್ತು. ನಾನೂ ಜೋರಾಗಿ ತಟ್ಟಿದೆ. ನಮ್ಮ ಮಹಿಳಾ ಸಂಘದ ಹಿರಿಯಮ್ಮ ಎದ್ದು, ನಂಬಿದವರನ್ನು ದೇವರು ಯಾವತ್ತೂ ಕೈಬಿಡುವುದಿಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ ಎಂದರು. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ತಮ್ಮ ಆ ದಿನ ಅಕ್ಕನ ಪಕ್ಕದಲ್ಲಿ ಕೂತಿದ್ದ.

ಹನ್ನೊಂದು ತಿಂಗಳು ಚೆನ್ನಾಗಿತ್ತು. ಹೊಸ ಮೂತ್ರಪಿಂಡವನ್ನು ಮೈ ತಳ್ಳಿಹಾಕದಿರಲೆಂದು ಕೊಟ್ಟಿದ್ದ ಮಾತ್ರೆಗಳನ್ನು ಅವನು ಗಡಿಯಾರ ನೋಡಿಕೊಂಡು ನುಂಗುತ್ತಿದ್ದ. ಗಿರಾಕಿಯ ಅರ್ಧ ಗಡ್ಡ ಬಿಟ್ಟು ಹೋಗಿ ನುಂಗಿ ಬಂದದ್ದೂ ಇದೆ. ಒಂದು ದಿನವೂ ತಪ್ಪಿಸಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಜನ ಬೇರೆ ಏನೇನೋ ಹೇಳಿದರು.

ಹನ್ನೆರಡನೆಯ ತಿಂಗಳಲ್ಲಿ ಜ್ವರ ಬಂತು. ರಕ್ತ ಪರೀಕ್ಷೆಯ ಅಂಕಿ ಏರಿತು. ಆಸ್ಪತ್ರೆಗೆ ಸೇರಿಸಿ ದೊಡ್ಡ ದೊಡ್ಡ ಇಂಜೆಕ್ಷನ್ ಕೊಟ್ಟರು. ಅಂಕಿ ಒಂದು ದಿನ ಇಳಿಯಿತು, ಮಾರನೆಯ ದಿನ ಎರಡರಷ್ಟು ಏರಿತು. ಮೂರು ವಾರ ಹೋರಾಡಿ ವೈದ್ಯರು ಅಕ್ಕನನ್ನೂ ಅವನ ಹೆಂಡತಿಯನ್ನೂ ಕರೆದರು. ಜೊತೆಗೆ ನಾನೂ ಹೋಗಿದ್ದೆ.

"ದೇಹ ಅದನ್ನ ತನ್ನದು ಅಂತ ಒಪ್ಕೊಳ್ಳಲಿಲ್ಲಮ್ಮ," ಎಂದರು ವೈದ್ಯರು. "ಹೀಗಾಗುತ್ತೆ. ಯಾರ ತಪ್ಪೂ ಅಲ್ಲ. ಮತ್ತೆ ಡಯಾಲಿಸಿಸ್ ಶುರು ಮಾಡ್ಬೇಕು."

ಅವನ ಹೆಂಡತಿ ಗೋಡೆ ಹಿಡಿದುಕೊಂಡಳು. ಅಕ್ಕ ಮಾತ್ರ ಲೆಕ್ಕ ಹಾಕುವವಳಂತೆ ಕೇಳಿದಳು:

"ನನ್ನ ಇನ್ನೊಂದನ್ನ ತಗೊಂಡ್ರೆ ಆಗುತ್ತಾ ಡಾಕ್ಟ್ರೇ?"

ವೈದ್ಯರಿಗೆ ಅರ್ಥವಾಗಲಿಲ್ಲ. "ಇನ್ನೊಂದು ಅಂದ್ರೆ?"

"ನನ್ನಲ್ಲಿ ಉಳಿದಿರೋದು. ಯಂತ್ರಕ್ಕೆ ನಾನು ಬರ್ತೀನಿ, ವಾರಕ್ಕೆ ಮೂರು ದಿನ. ನನಗೆ ನಿಂತು ಅಭ್ಯಾಸ, ಮಲಗೋದೇನು ಕಷ್ಟ?"

ವೈದ್ಯರು ಪೆನ್ನು ಕೆಳಗಿಟ್ಟರು. "ಹಾಗೆಲ್ಲ ಮಾಡೋಕಾಗಲ್ಲಮ್ಮ," ಎಂದರು ಬಹಳ ಮೆಲ್ಲಗೆ.

ಹೊರಗಿನ ಮೊಗಸಾಲೆಯಲ್ಲಿ ಅಕ್ಕ ಗೋಡೆಗೊರಗಿ ನಿಂತು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಇನ್ನೇನೂ ಇಲ್ವಲ್ಲೇ ಕೊಡೋಕೆ," ಎಂದಳು. ಅವಳು ಅತ್ತಿದ್ದರೆ ನನಗೆ ಏನಾದರೂ ಮಾಡಲು ತೋಚುತ್ತಿತ್ತು. ಅವಳು ಅಳಲಿಲ್ಲ. ನಾನು ಅವಳ ಚೀಲ ಹಿಡಿದುಕೊಂಡು ನಿಂತಿದ್ದೆ.

ಸುದ್ದಿ ಸಭೆಗೆ ಗೊತ್ತಾಯಿತು. ಸಿಹಿಸುದ್ದಿಗೆ ಓಡಿ ಬಂದಿದ್ದವರು ಈಗ ಬೇರೆ ಬೀದಿಯಲ್ಲಿ ಸುತ್ತಿ ಹೋಗತೊಡಗಿದರು. ಕೆಟ್ಟವರೆಂದಲ್ಲ, ಏನು ಹೇಳಬೇಕೋ ಯಾರಿಗೂ ತಿಳಿಯದು. ಮಹಿಳಾ ಸಂಘದ ಹಿರಿಯಮ್ಮ ಮಾತ್ರ ಬಂದರು. ಮಾತ್ರೆ ಸರಿಯಾಗಿ ನುಂಗಿದ್ದಾನಾ ಎಂದು ಮೊದಲು ಕೇಳಿದರು. ಆಮೇಲೆ, ಮನೆಯಲ್ಲಿ ಯಾವುದಾದರೂ ಮುಚ್ಚಿಟ್ಟ ಪಾಪ ಇದೆಯೋ ಏನೋ, ಪರೀಕ್ಷಿಸಿ ನೋಡಿಕೊಳ್ಳಿ ಎಂದರು. ನನ್ನ ಮೈಯೆಲ್ಲ ಉರಿಯಿತು.

ಅಕ್ಕ ಹೇಳಿದಳು: "ಪಾಪ ಯಾರಲ್ಲಿಲ್ಲ ದೊಡ್ಡಮ್ಮ? ನನ್ನಲ್ಲೂ ಇದೆ. ಆದ್ರೆ ನನ್ನ ಪಾಪಕ್ಕೆ ಅವನ ಮೈ ಸುಡೋ ದೇವರು ನನಗೆ ಗೊತ್ತಿಲ್ಲ. ಇನ್ನೊಂದು ಸ್ವಲ್ಪ ಟೀ ಹಾಕಲಾ?"

ಮರುದಿನ ಸಭಾಪಾಲಕರು ಬಂದರು. ಅವರನ್ನು ನಾವೆಲ್ಲ ಅಯ್ಯನವರೆಂದೇ ಕರೆಯುವುದು. ವಯಸ್ಸಾದವರು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಸತ್ಯವೇದವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು, ತೆರೆಯಲಿಲ್ಲ.

"ಪ್ರಾರ್ಥನೆ ಮಾಡಲಾಮ್ಮ?"

"ನೀವೇ ಮಾಡಿ ಅಯ್ಯನವರೇ. ನನಗೆ ಬಾಯೇ ಬರ್ತಿಲ್ಲ."

ಅವರು ಕಣ್ಣು ಮುಚ್ಚಿ, "ಕರ್ತನೇ," ಎಂದರು. ಮುಂದಿನದು ಬರಲಿಲ್ಲ. ಕಣ್ಣು ತೆರೆದು, "ನನಗೂ ತಿಳೀತಾ ಇಲ್ಲಮ್ಮ. ನಲವತ್ತು ವರ್ಷ ಬೋಧನೆ ಮಾಡಿದ್ದೀನಿ. ಇದಕ್ಕೆ ಉತ್ತರ ನನ್ನ ಹತ್ರ ಇಲ್ಲ," ಎಂದರು.

"ಉತ್ತರ ಬೇಡ ಅಯ್ಯನವರೇ. ಬರೋ ಭಾನುವಾರ ನನಗೆ ಎರಡು ನಿಮಿಷ ಮುಂದೆ ನಿಲ್ಲೋಕೆ ಬಿಡ್ತೀರಾ?"

ಅವರು ಬಿಟ್ಟರು. ಅಕ್ಕ ಹಿಂದಿನ ವರ್ಷ ನಿಂತಿದ್ದ ಜಾಗದಲ್ಲೇ ನಿಂತಳು.

"ಹೋದ ವರ್ಷ ಇಲ್ಲಿ ನಿಂತು, ದೇವರು ಕೊಟ್ಟ ಅಂದೆ. ನೀವೆಲ್ಲ ಸಂತೋಷಪಟ್ಟಿರಿ. ಅದು ಈಗ ಹೋಯ್ತು. ಅದನ್ನ ಹೇಳ್ದೋಳು ಇದನ್ನೂ ಹೇಳ್ಬೇಕಲ್ಲ. ದೇವರು ಏನು ಮಾಡ್ತಿದ್ದಾನೋ ನನಗೆ ಗೊತ್ತಿಲ್ಲ. ಅವನಿದ್ದಾನೆ ಅಂತ ಮಾತ್ರ ಗೊತ್ತು. ನನ್ನ ತಮ್ಮನಿಗೋಸ್ಕರ ಪ್ರಾರ್ಥನೆ ಮಾಡಿ. ನನಗೆ ಮಾಡೋಕಾಗ್ತಿಲ್ಲ."

ಅವಳು ಬಂದು ಕೂತಳು. ಪಕ್ಕದಲ್ಲಿ ತಮ್ಮನ ಜಾಗ ಖಾಲಿಯಿತ್ತು. ಅವನು ಚರ್ಚಿಗೆ ಬರುವುದನ್ನು ನಿಲ್ಲಿಸಿದ್ದ.

ಅಂಗಡಿಯೂ ಮುಚ್ಚಿತು. ಡಯಾಲಿಸಿಸ್ ಆದ ದಿನ ಅವನ ಕೈ ನಡುಗುತ್ತಿತ್ತು. ಕ್ಷೌರದ ಕತ್ತಿ ಹಿಡಿಯುವ ಕೈ ನಡುಗಿದರೆ ಯಾರು ಕತ್ತು ಕೊಡುತ್ತಾರೆ? ಅಕ್ಕ ಲಾಂಡ್ರಿಯಲ್ಲಿ ಮಧ್ಯಾಹ್ನದ ಪಾಳಿ ಕೇಳಿ ಪಡೆದು, ವಾರಕ್ಕೆ ಮೂರು ಬೆಳಿಗ್ಗೆ ಅವನ ಜೊತೆ ಆಸ್ಪತ್ರೆಯಲ್ಲಿ ಕೂರತೊಡಗಿದಳು. ಅವನು ಮೊದಲಿನಂತೆ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಮುಳ್ಳು.

"ನಿನ್ನ ದೇವರಿಗೆ ನನ್ನಿಂದ ಏನು ಬೇಕಂತೆ ಅಕ್ಕ? ಕೇಳಿ ಹೇಳು, ಕೊಟ್ಟುಬಿಡ್ತೀನಿ. ಕೊಟ್ಟು ಕಿತ್ಕೊಳ್ಳೋ ಆಟ ಯಾಕೆ?"

ಅಕ್ಕ ಅವನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಒತ್ತುತ್ತಿದ್ದಳಂತೆ, ಅಷ್ಟೇ. ಮನೆಗೆ ಬಂದು ಪ್ರಾರ್ಥನೆಗೆ ಮೊಣಕಾಲೂರಿದರೆ 'ಅಪ್ಪಾ' ಎನ್ನುವ ಒಂದು ಶಬ್ದದ ಮುಂದೆ ಏನೂ ಹೊರಡುವುದಿಲ್ಲ ಎಂದು ನನ್ನ ಹತ್ತಿರ ಹೇಳಿದಳು. "ಮಗು ಬಿದ್ದಾಗ ಅಪ್ಪಾ ಅಂತ ಕೂಗಿ ಸುಮ್ಮನಾಗುತ್ತಲ್ಲ, ಹಾಗೆ. ಆಮೇಲೆ ಎತ್ಕೊಳ್ಳೋದು ಬಿಡೋದು ಅಪ್ಪನಿಗೆ ಸೇರಿದ್ದು." ಸಿಟ್ಟಿಲ್ಲವಾ ಅಕ್ಕ ಎಂದು ಕೇಳಿದೆ. "ಇದೆ. ತುಂಬಾ ಇದೆ. ಸಿಟ್ಟು ಮಾಡ್ಕೊಂಡು ಎಲ್ಲಿಗೆ ಹೋಗ್ಲಿ? ಬೇರೆ ಮನೆ ಯಾವ್ದಿದೆ ನನಗೆ?"

ಹೀಗೆ ಏಳು ತಿಂಗಳು. ಕೊನೆಕೊನೆಗೆ ಅವನ ಮುಳ್ಳೂ ಮೆತ್ತಗಾಯಿತು. ಒಂದು ಬೆಳಿಗ್ಗೆ ಅವನ ಗಡ್ಡ ತೆಗೆಯಲು ಅಕ್ಕನೇ ಕೂತಳು. ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ಹೊಲ ಕೊಯ್ದು ಬಿಟ್ಟ ಹಾಗೆ ಕೂಳೆ. ಹೆಂಡತಿ ಹಿಡಿದ ಕನ್ನಡಿ ನೋಡಿ ಅವನು, "ನೀನೇನಾದ್ರೂ ಅಂಗಡಿ ಇಟ್ಟಿದ್ರೆ ಗಿರಾಕಿಗಳು ಪೊಲೀಸಿಗೆ ಹೋಗ್ತಿದ್ರು," ಎಂದ. ಬಹಳ ದಿನದ ಮೇಲೆ ಮೂವರೂ ನಕ್ಕರಂತೆ. ನಗು ನಿಂತ ಮೇಲೆ ಅವನು, "ಅಕ್ಕ, ಒಂದು ಪ್ರಾರ್ಥನೆ ಮಾಡು. ಚಿಕ್ಕದು," ಎಂದ.

ಅವಳು ಸಾಬೂನು ಹತ್ತಿದ ಕೈಯನ್ನೇ ಅವನ ತಲೆಯ ಮೇಲಿಟ್ಟಳು. "ಅಪ್ಪಾ, ಇವನು ನಿನ್ನವನು. ನನ್ನ ಕೈಲಿ ಏನೂ ಆಗಲಿಲ್ಲ. ನೀನು ಹಿಡ್ಕೋ."

ಅವನು ಆಮೆನ್ ಅನ್ನಲಿಲ್ಲ. ಆದರೆ ತಲೆಯನ್ನು ಪಕ್ಕಕ್ಕೆ ಸರಿಸಲೂ ಇಲ್ಲ. ಅಷ್ಟನ್ನೇ ಅಕ್ಕ ನನಗೆ ನಾಲ್ಕು ಸಲ ಹೇಳಿದ್ದಾಳೆ.

ಅದಾದ ಒಂಬತ್ತನೆಯ ದಿನ, ಗುರುವಾರ ಬೆಳಿಗ್ಗೆ, ಆಸ್ಪತ್ರೆಯ ಮೊಗಸಾಲೆಯಲ್ಲಿ ಸರದಿಗಾಗಿ ಕಾಯುತ್ತಿದ್ದಾಗ ಅವನಿಗೆ ಚಳಿಯಾಯಿತು. ಅಕ್ಕ ಹೊದಿಕೆ ಕೇಳಲು ಒಳಗೆ ಹೋದಳು. ಉಗ್ರಾಣದ ಬೀಗದ ಕೈ ಹುಡುಕಿ ತರಲು ನರ್ಸಿಗೆ ಐದಾರು ನಿಮಿಷ ಹಿಡಿಯಿತು. ಹೊದಿಕೆ ತೋಳಿಗೆ ಹಾಕಿಕೊಂಡು ಬರುವಷ್ಟರಲ್ಲಿ ಅವನ ಹೃದಯ ನಿಂತಿತ್ತು. ಕುರ್ಚಿಯಲ್ಲಿ ಹಾಗೇ ಕೂತಿದ್ದ, ಚಪ್ಪಲಿ ಕಳಚಿ ಜೋಡಿಸಿಟ್ಟಿದ್ದ. ವೈದ್ಯರು ನೆಲದ ಮೇಲೆ ಮಲಗಿಸಿ ಎದೆ ಒತ್ತಿದರು, ಬಹಳ ಹೊತ್ತು ಒತ್ತಿದರು. ಅಕ್ಕ ಪಕ್ಕದಲ್ಲಿ ನಿಂತು ನೋಡಿದಳು. ನೋಡುವುದೊಂದನ್ನು ಬಿಟ್ಟು ಅವಳಿಗೆ ಮಾಡಲು ಏನೂ ಇರಲಿಲ್ಲ.

ಅಯ್ಯನವರು ಸಮಾಧಿಯ ಬಳಿ ಪುನರುತ್ಥಾನದ ಮಾತು ಓದಿದರು. ಮಣ್ಣು ಹಾಕುವಾಗ ಅವನ ಅಂಗಡಿಯ ಗಿರಾಕಿಗಳೇ ಹೆಚ್ಚಿದ್ದರು, ಬೋಳುತಲೆಯವರೂ ಬಂದಿದ್ದರು.

ಎಂಟು ದಿನದ ಮೇಲೆ ಅಕ್ಕ ಕೆಲಸಕ್ಕೆ ಬಂದಳು. ಯಾರೋ ಅವಳಿಗೆ, ದೇವರ ಚಿತ್ತ ಅಂದುಕೊಳ್ಳಿ ಎಂದರು. "ಅಂದ್ಕೊಳ್ಳೋಕೆ ನೋಡ್ತಿದ್ದೀನಿ," ಎಂದಳು. ಆ ವಾರ ಅವಳ ಬೆರಳು ಎರಡು ಸಲ ಉರುಳೆಗೆ ತಗುಲಿತು. ಹನ್ನೊಂದು ವರ್ಷದಲ್ಲಿ ನಾನು ಅದನ್ನು ಕಂಡಿರಲಿಲ್ಲ. ಭಾನುವಾರ ಚರ್ಚಿಗೆ ಬರುತ್ತಾಳೆ. ಹಾಡುವಾಗ ಪುಸ್ತಕ ತೆರೆದು ನಿಲ್ಲುತ್ತಾಳೆ, ದನಿ ಬರುವುದಿಲ್ಲ.

ತಮ್ಮನ ಹೆಂಡತಿ ಈಗ ಅವಳ ಜೊತೆಗೇ ಇದ್ದಾಳೆ. ಒಬ್ಬರಿಗೊಬ್ಬರು ಆಸರೆ ಎಂದು ಜನ ಅನ್ನುತ್ತಾರೆ. ನಾನು ನೋಡಿದ ಹಾಗೆ, ಮುಳುಗುವವರಿಬ್ಬರು ಕೈ ಹಿಡಿದುಕೊಂಡಿದ್ದಾರೆ. ಕಳೆದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ನನ್ನನ್ನು ಊಟಕ್ಕೆ ಕರೆದರು. ಮೂರು ತಟ್ಟೆಗೆ ಬಡಿಸಿಯಾಯಿತು. ಅಕ್ಕ ಕಣ್ಣು ಮುಚ್ಚಿ, "ಅಪ್ಪಾ," ಎಂದಳು. ನಾವು ಕಾದೆವು. ಅವಳ ತುಟಿ ಅಲುಗುತ್ತಿತ್ತು, ಶಬ್ದವಿಲ್ಲ. ಊಟದಿಂದ ಏಳುತ್ತಿದ್ದ ಹಬೆ ಕಡಿಮೆಯಾಯಿತು.

ಆಗ ತಮ್ಮನ ಹೆಂಡತಿ, ಎಂದೂ ಯಾರೆದುರೂ ಪ್ರಾರ್ಥನೆ ಮಾಡದಿದ್ದವಳು, ತಟ್ಟೆಯನ್ನೇ ನೋಡುತ್ತ ಹೇಳಿದಳು:

"ಈ ಊಟಕ್ಕೆ ಸ್ತೋತ್ರ. ಅಕ್ಕನ್ನ ನೋಡ್ಕೋ. ನಮಗೆ ಏನೂ ಗೊತ್ತಾಗ್ತಾ ಇಲ್ಲ."

"ಆಮೆನ್," ಎಂದಳು ಅಕ್ಕ. ತಣ್ಣಗಾಗುವ ಮುಂಚೆ ಉಣ್ಣು ಎಂದು ನನ್ನ ತಟ್ಟೆಯನ್ನು ಮುಂದಕ್ಕೆ ಸರಿಸಿದಳು.