ಈ ಮೂರು, ಈ ಏಳು

ಕಂಪನಿಯವರೇ, ತನ್ನ ಕಾವನ್ನು ತಾನೇ ತಡೆಯಲಾರದ ಓವನ್ ಪೆಟ್ಟಿಗೆಯೊಂದನ್ನು ನೀವು ಕಡೂರಿನ ನಮ್ಮ ಅಡುಗೆಮನೆಗೆ ಮಾರಿದ್ದೀರಿ, ಅದರ ಎಚ್ಚರಿಕೆಯನ್ನು ನಮಗೆ ತಿಳಿಯದ ಸಂಕೇತದಲ್ಲಿ ಬಚ್ಚಿಟ್ಟಿದ್ದೀರಿ, ಕೊನೆಗೆ ತಪ್ಪನ್ನು ನನ್ನ ಚಿಕ್ಕಮ್ಮನ ಮೇಲೆ ಹೊರಿಸಿದ್ದೀರಿ. ಇದು ನನ್ನ ನೇರ ಆರೋಪ. ಇಷ್ಟು ಬಿಗಿಯಾಗಿ ಶುರುಮಾಡಿದವಳು ಮುಂದಿನ ಮಾತಿಗೇ ಕಿಸಕ್ಕನೆ ನಕ್ಕರೆ, ಓದುಗ ಮಿತ್ರರೇ, ಕ್ಷಮಿಸಿಬಿಡಿ. ಕೋಪವೂ ನಗುವೂ ಒಂದೇ ಪಾತ್ರೆಯಲ್ಲಿ ಉಕ್ಕುವ ಪ್ರಸಂಗವಿದು.

ಚಿಕ್ಕಮ್ಮನ ಹೆಸರು ಸರ್ವಮಂಗಳ. ಸಖರಾಯಪಟ್ಟಣದ ತವರಿನಿಂದ ಬರುವ ಕೊಬ್ಬರಿಯನ್ನು ತುರಿದು, ಬೆಲ್ಲ, ಏಲಕ್ಕಿ ಬೆರೆಸಿ, ಮೊಟ್ಟೆಯ ಸೋಂಕಿಲ್ಲದೆ ಅವಳು ಬೇಯಿಸುವ ಬಿಸ್ಕತ್ತು ಹಲ್ಲಿನೊಡನೆ ಒಂದು ಕ್ಷಣ ಗರಿಗರಿಯಾಗಿ ವಾದಿಸಿ, ಆಮೇಲೆ ನಾಲಿಗೆಗೆ ಸದ್ದಿಲ್ಲದೆ ಶರಣಾಗುತ್ತದೆ. ಓವನ್ ಬಂದ ಮೂರನೆಯ ವಾರ ಅದರ ಹಣೆಯ ಗಾಜಿನ ಮೇಲೆ ಕೆಂಪಗೆ 'E3' ಮೂಡಿತು. ಕೈಪಿಡಿ ಹಲವು ಭಾಷೆಗಳಲ್ಲಿತ್ತು, ಕನ್ನಡದಲ್ಲಿ ಮಾತ್ರ ಇರಲಿಲ್ಲ. ಅಕ್ಷರವನ್ನು ಇಂಗ್ಲಿಷಿನಲ್ಲೂ ಅಂಕಿಯನ್ನು ಕನ್ನಡದಲ್ಲೂ ಓದುವುದು ಚಿಕ್ಕಮ್ಮನ ರೂಢಿ.

"ಈ ಮೂರು ಅಂತೈತೆ ಕಣೇ. ಯಾವ ಮೂರು?"

ತಟ್ಟೆಯಲ್ಲಿ ಹನ್ನೆರಡು ಬಿಸ್ಕತ್ತುಗಳಿದ್ದವು. "ಮೂರು ಜಾಸ್ತಿ ಇಟ್ಟಿದೀಯ ಅಂತಿರ್ಬೇಕು" ಎಂದು ತೀರ್ಮಾನಿಸಿ, ಬಾಗಿಲು ತೆರೆದು, ನಿಧಾನವಾಗಿ ಆರಿಸಿ ಮೂರನ್ನು ಹೊರತೆಗೆದಳು. ಸಂಕೇತ ಅಳಿಸಿಹೋಯಿತು! ಬಾಗಿಲು ತೆರೆದದ್ದರಿಂದ ಒಳಗಿನ ಕಾವು ಇಳಿಯಿತೆಂಬ ಒಣ ಸತ್ಯ ಆಗ ಯಾರಿಗೆ ಬೇಕಿತ್ತು? ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಶಬ್ದಾರ್ಥದ ಶಾಸ್ತ್ರ ಓದಿಬಂದ ನಾನು ಒಂದಕ್ಷರ ಪ್ರತಿಭಟಿಸದೆ ಸಾಕ್ಷ್ಯವನ್ನು ಬಿಸಿಬಿಸಿಯಾಗಿ ತಿಂದು ಮುಗಿಸಿದೆ. ಅಂದಿನಿಂದ ಪ್ರತಿ ಸಲವೂ ಮೂರು ಬಿಸ್ಕತ್ತು ಹೊರಗೆ, ಸಂಕೇತ ಮಾಯ, ನನ್ನ ಬಾಯಿ ಬಂದ್.

ಅರ್ಥವಿಲ್ಲದ ಮಾತನ್ನು ಸಹಿಸುವ ಶಕ್ತಿ ಮನುಷ್ಯನಿಗಿಲ್ಲ, ಅಲ್ಲವೇ? ಹಲ್ಲಿ ಲೊಚಗುಟ್ಟಿದರೆ ಅದು ನಮ್ಮ ಮಾತಿಗೆ ಹಾಕಿದ ಒಪ್ಪಿಗೆ, ಕಾಗೆ ಕೂಗಿದರೆ ಅದು ನಮ್ಮ ಮನೆಗೆ ಬರುವ ನೆಂಟರ ಸುದ್ದಿ. ಹಾಗಿರುವಾಗ ಅಡುಗೆಮನೆಯಲ್ಲಿ ಕೂತು ಕೆಂಪಕ್ಷರದಲ್ಲಿ ಮಾತನಾಡುವ ಯಂತ್ರಕ್ಕೆ ಚಿಕ್ಕಮ್ಮ ತನ್ನದೇ ಭಾಷೆಯನ್ನು ದಾನವಾಗಿ ಕೊಟ್ಟಳು. ಕೊಡಬೇಕಾದವರು ಕೊಡದೇ ಇದ್ದುದರಿಂದ ಕೊಟ್ಟಳು.

ತಿಂಗಳ ಬಳಿಕ ಹೊಸ ಸಂಕೇತ ಬಂತು: 'E7'. ಬೆನ್ನಿಗೆ ಹಿತವೆಂದು ಚಿಕ್ಕಪ್ಪ ಓವನ್‌ಗೆ ಒತ್ತಿಕೊಂಡಂತೆ ಕುರ್ಚಿ ಹಾಕಿ ಪೇಪರ್ ಓದುತ್ತಿದ್ದರು.

"ಈಗ ಈ ಏಳು ಅಂತೈತೆ. ಏಳ್ರೀ!"

"ನಾನ್ಯಾಕೆ ಏಳ್ಲಿ? ಇದು ನನ್ಮನೆ ಕಣೇ, ಅದರಪ್ಪನ ಮನೆಯಲ್ಲ."

"ನನ್ ಮಾತಂತೂ ಯಾವತ್ತೂ ಕೇಳ್ಲಿಲ್ಲ, ಮಿಷಿನ್ ಮಾತಾದ್ರೂ ಕೇಳ್ರೀ!"

ಗೊಣಗುತ್ತ ಎದ್ದು ಎರಡು ಹೆಜ್ಜೆ ಇಟ್ಟಿರಲಿಲ್ಲ, ಕುರ್ಚಿಯ ಬೆನ್ನಿಗೆ ಹಾಕಿದ್ದ ಟವೆಲ್ಲಿನಿಂದ ಹೊಗೆ ಎದ್ದಿತು. ನಾನು ಓಡಿಹೋಗಿ ಪ್ಲಗ್ ಕಿತ್ತೆ.

ಕುರ್ಚಿ ಅಲ್ಲಿರಬಾರದಿತ್ತು, ಒಪ್ಪುತ್ತೇನೆ. ಆದರೆ ಆಮೇಲೆ ಕುರ್ಚಿಯನ್ನು ಜಗಲಿಗೆ ಹಾಕಿದೆವು, ಓವನ್ನನ್ನು ಗೋಡೆಯಿಂದ ಗೇಣುದ್ದ ದೂರ ಸರಿಸಿದೆವು, ಚೆನ್ನಾಗಿ ಆರಲು ಬಿಟ್ಟು, ಒಳಗೆ ಒಂದು ಥರ್ಮಾಮೀಟರ್ ಬಿಟ್ಟರೆ ಬೇರೇನೂ ಇಡದೆ ಮತ್ತೆ ಹಚ್ಚಿದೆವು. ಗುಂಡಿಯನ್ನು ನೂರ ಎಂಬತ್ತಕ್ಕೆ ತಿರುಗಿಸಿದ್ದರೆ ಥರ್ಮಾಮೀಟರ್ ಇನ್ನೂರ ಐವತ್ತು ದಾಟಿತು. ಮತ್ತೆ ಅದೇ 'ಏಳು'. ಈ ಸಲ ಏಳಲು ಅಲ್ಲಿ ಯಾರೂ ಕೂತಿರಲಿಲ್ಲ.

ತರೀಕೆರೆಯ ನಿಮ್ಮ ಸೇವಾ ಕೇಂದ್ರದಿಂದ ಬಂದ ಮಹಾಶಯರು ಥರ್ಮಾಮೀಟರಿನತ್ತ ಕಣ್ಣೂ ಹಾಯಿಸಲಿಲ್ಲ. ಸುಟ್ಟ ಟವೆಲ್ಲನ್ನು ನೋಡಿದರು, ಚೀಟಿಯ ಮೇಲೆ ದುಂಡಗೆ ಬರೆದರು: 'ಬಳಕೆದಾರರ ತಪ್ಪು'. ಗಮನಿಸಿ ಮಿತ್ರರೇ, ಆ ಕಂಪನಿ ನಮಗೆ ಕನ್ನಡದಲ್ಲಿ ಬರೆದುಕೊಟ್ಟ ಏಕೈಕ ಮಾತು ಇದು!

ನನ್ನ ನಗು ಆರಿದ್ದು ಇಲ್ಲಿ. ಬರುವ ಭಾನುವಾರ ಅಜ್ಜಂಪುರದಲ್ಲಿ ಚಿಕ್ಕಮ್ಮನ ಮಗಳ ಸೀಮಂತ. ಬಸುರಿ ಬಾಯಿಬಿಟ್ಟು ಕೇಳಿರುವುದು ಅಮ್ಮನ ಕೊಬ್ಬರಿ ಬಿಸ್ಕತ್ತೊಂದನ್ನೇ. ಚೀಟಿಯನ್ನು ಓದಿದ ಮೇಲೆ ಚಿಕ್ಕಮ್ಮ ಓವನ್ನಿಗೆ ಹಳೆಯ ಸೀರೆ ಹೊದಿಸಿದ್ದಾಳೆ.

"ಬೇಕರಿಯಿಂದ ತಗೊಂಡೋದ್ರಾಯ್ತು ಬಿಡೇ. ನಂಗೇ ಗೊತ್ತಾಗ್ಲಿಲ್ಲ. ದಡ್ಡಿ ನಾನು."

"ನೀನು ದಡ್ಡಿಯಾಗಿದ್ದಿದ್ರೆ ನನ್ ಬೆನ್ನು ಹೋಳಿಗೆ ಆಗ್ಬಿಡ್ತಿತ್ತಲ್ಲೇ!" ಎಂದರು ಚಿಕ್ಕಪ್ಪ. ಎಂದೂ ಹೆಂಡತಿಯನ್ನು ಹೊಗಳದವರು ಹೊಗಳಿದರೂ ಅವಳು ನಗಲಿಲ್ಲ.

ಆದ್ದರಿಂದ ಕಂಪನಿಯವರಲ್ಲಿ ವಿಧ್ಯುಕ್ತವಾಗಿ ಕೇಳುತ್ತಿದ್ದೇನೆ. ಓವನ್ನಿನ ತಾಪ ಅಳೆಯುವ ಸೆನ್ಸರನ್ನು ನಮ್ಮೆದುರಿಗೇ ಪರೀಕ್ಷಿಸಿ, ಕೆಟ್ಟಿದ್ದರೆ ಬದಲಿಸಿ. ಅದರಿಂದಲೂ ಸರಿಹೋಗದಿದ್ದರೆ ಪೆಟ್ಟಿಗೆಯನ್ನೇ ಬದಲಿಸಿಕೊಡಿ. ಪ್ರತಿಯೊಂದು ಸಂಕೇತದ ಅರ್ಥವನ್ನೂ, ಅದು ಕಂಡಾಗ ಮಾಡಬೇಕಾದುದನ್ನೂ ಕನ್ನಡದಲ್ಲಿ ಅಚ್ಚು ಹಾಕಿ, ಈ ಓವನ್ ಕೊಂಡ ಎಲ್ಲ ಮನೆಗಳಿಗೂ ತಲುಪಿಸಿ. ಚೀಟಿಯ ಮೇಲಿನ ಆ ಎರಡು ಪದಗಳನ್ನು ಬರೆದವರ ಕೈಯಿಂದಲೇ ಹೊಡೆದುಹಾಕಿಸಿ, ಪಕ್ಕದಲ್ಲಿ ಸಹಿ ಮಾಡಿಸಿ. ಉತ್ತರ ಲಿಖಿತವಾಗಿರಲಿ, ನನಗಲ್ಲ, ಶ್ರೀಮತಿ ಸರ್ವಮಂಗಳ ಅವರ ಹೆಸರಿಗೆ ಬರಲಿ. ಭಾನುವಾರಕ್ಕೆ ಇನ್ನು ಐದು ದಿನಗಳಿವೆ. ಹಿಟ್ಟು ಕಲಸಿ ಬೇಯಿಸಲು ಅವರಿಗೆ ಒಂದು ದಿನ ಸಾಕು. ಉಳಿದ ನಾಲ್ಕು ನಿಮ್ಮವು.