ಗಾರ್ಡರ ಪಾರಿವಾಳಗಳ ಹರಾಜು

ಗಾರ್ಡರ ಕೆಳತುಟಿಯ ಬಲಕ್ಕೆ ಒಂದು ಸಣ್ಣ ಗುಳಿ ಇತ್ತು. ತಾಯಿ ಸತ್ತ ಪಾರಿವಾಳದ ಮರಿಗಳಿಗೆ ಅವರು ನೆನೆಸಿದ ಕಡಲೆಯನ್ನು ತಾವೇ ಅಗಿದು, ತುಟಿಗಳ ನಡುವೆ ಹಿಡಿದು ತಿನ್ನಿಸುತ್ತಿದ್ದರು. ಇನ್ನೂ ಕಣ್ಣು ಬಿಡದ, ಮೈಮೇಲೆ ಹಳದಿ ನವಿರಷ್ಟೇ ಇದ್ದ ಮರಿ ತನ್ನ ಕೊಕ್ಕನ್ನು ಅವರ ಬಾಯೊಳಗೆ ತೂರಿಸಿ, ಇಡೀ ಮೈ ಅಲುಗಿಸುತ್ತ ಕುಕ್ಕಿ ಕುಕ್ಕಿ ಉಣ್ಣುತ್ತಿತ್ತು. ವರ್ಷಗಟ್ಟಲೆ ಹಾಗೆ ಕುಕ್ಕಿಸಿಕೊಂಡದ್ದರ ಗುರುತು ಅದು ಎಂದು ಅವರೇ ಹೇಳಿದ್ದರು. ಬಲಕ್ಕೋ ಎಡಕ್ಕೋ ಎಂದು ಈಗ ಯಾರಾದರೂ ಪಟ್ಟು ಹಿಡಿದು ಕೇಳಿದರೆ ನಾನು ಪ್ರಮಾಣ ಮಾಡಲಾರೆ. ನನ್ನ ಬಳಿ ಇರುವ ಅವರ ಒಂದೇ ಫೋಟೋದಲ್ಲಿ ಅವರು ಸೀಟಿ ಊದುತ್ತಿದ್ದಾರೆ. ತುಟಿ ಕಾಣುವುದಿಲ್ಲ.

ಅವರು ಬಂಗಾರಪೇಟೆಯಲ್ಲಿ ರೈಲ್ವೆ ಗಾರ್ಡ್. ನಾನು ಬೆಂಗಳೂರಿನಲ್ಲಿ ಭೌತಶಾಸ್ತ್ರ ಓದಿ, ಮನಸ್ಸಿಗೆ ಒಪ್ಪುವ ಕೆಲಸ ಸಿಗುವ ತನಕ ಎಂದುಕೊಂಡು ಅಲ್ಲಿನ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದವನು. ಅರವತ್ತರ ದಶಕದ ಮೊದಲ ವರ್ಷಗಳು. ನಾನು ಬಾಡಿಗೆಗೆ ಹಿಡಿದ ಮನೆಗೂ ಅವರ ಕ್ವಾರ್ಟರ್ಸಿಗೂ ನಡುವೆ ಒಂದು ಗೋಡೆಯಷ್ಟೇ. ಅವರ ಸೂರಿನ ಮೇಲೆ ಹಸಿರು ಬಣ್ಣ ಬಳಿದ ಮರದ ದೊಡ್ಡ ಗೂಡು. ಬೆಳಿಗ್ಗೆ ಹಲ್ಲುಜ್ಜಲು ನಾನು ಮಾಳಿಗೆಗೆ ಹೋದರೆ ಗೂಡಿನ ಪಕ್ಕದಿಂದಲೇ ಅವರು ಕೂಗುತ್ತಿದ್ದರು:

"ಏನ್ ಮೇಷ್ಟ್ರೇ, ಇವತ್ತೇನು ಅನುಮಾನ?"

ನನಗೆ ಅನುಮಾನಗಳ ಕೊರತೆ ಇರಲಿಲ್ಲ. ಅವರು ಡ್ಯೂಟಿಗೆ ಹೊರಟಾಗಲೆಲ್ಲ ಒಂದು ಬಿದಿರಿನ ಬುಟ್ಟಿಯಲ್ಲಿ ಪಾರಿವಾಳಗಳನ್ನು ಹಾಕಿಕೊಂಡು, ಲಗೇಜಿನ ಚೀಟಿಯನ್ನೂ ಮಾಡಿಸಿ, ಗಾರ್ಡ್ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಕುಪ್ಪಂನಲ್ಲೋ ಜೋಲಾರ್‌ಪೇಟೆಯಲ್ಲೋ ರೈಲು ನಿಂತಾಗ ಬುಟ್ಟಿಯ ಬಾಯಿ ಬಿಚ್ಚುತ್ತಿದ್ದರು. ಅವರು ವಾಪಸು ಬರುವ ಮೊದಲೇ ಪಾರಿವಾಳಗಳು ಸೂರಿನ ಮೇಲೆ ಕೂತಿರುತ್ತಿದ್ದವು. ಚಾಂಪಿಯನ್ ರೀಫ್ಸ್, ಮೈಸೂರು ಮೈನ್ಸ್, ರಾಬರ್ಟ್‌ಸನ್‌ಪೇಟೆಗಳಲ್ಲಿ ಪಾರಿವಾಳದ ಹುಚ್ಚು ಹಿಡಿದವರು ಎಷ್ಟೋ ಜನರಿದ್ದರು. ಗಣಿಯ ಶಿಫ್ಟು ಮುಗಿಸಿ ಬಂದವರು ಸ್ನಾನಕ್ಕೂ ಮೊದಲು ಆಕಾಶ ನೋಡುತ್ತಿದ್ದರು. ತಮ್ಮ ಬುಟ್ಟಿಗಳನ್ನೂ ಗಾರ್ಡರ ಕೈಗೇ ಕೊಡುತ್ತಿದ್ದರು.

"ಬಂದವನ್ನ ಮಾತ್ರ ಲೆಕ್ಕಕ್ಕೆ ಹಿಡಿದು ಮಾತಾಡ್ತೀರಿ. ಬಾರದೇ ಹೋದವನ್ನ ಮರೀತೀರಿ. ಇದರಿಂದ ಏನು ಸಾಬೀತಾಗುತ್ತೆ?" ಎಂದು ನಾನೊಮ್ಮೆ ವಾದ ಮಾಡಿದೆ. ಶಾಲೆಯಿಂದ ನೇರಳೆ ಬಣ್ಣ ತಂದು ಒಂದು ಪಾರಿವಾಳದ ಬಾಲಕ್ಕೆ ನಾನೇ ಬಳಿದೆ. ಅದನ್ನು ಕುಪ್ಪಂನಲ್ಲಿ ಬಿಟ್ಟರು. ಸಂಜೆ ನಾನು ಶಾಲೆಯಿಂದ ಬಂದಾಗ ನೇರಳೆ ಬಾಲ ಗೂಡಿನ ಹಲಗೆಯ ಮೇಲೆ ಕೂತು ಮೈ ಕೆದರಿಕೊಳ್ಳುತ್ತಿತ್ತು. ಒಂದು ಸಲ ಬಂದದ್ದು ಪುರಾವೆಯಲ್ಲ ಎಂದೆ. ಗಾರ್ಡರು ನಕ್ಕರು.

"ಎಷ್ಟು ಸಲ ಬಂದ್ರೆ ನಿಮ್ಮ ಲೆಕ್ಕದಾಗೆ ಒಂದು ಸಲ ಬಂದಂಗೆ ಮೇಷ್ಟ್ರೇ?"

ಹಾಗೆಂದು ಅವರ ತಿಳಿವಳಿಕೆಯೇನೂ ಶಾಸ್ತ್ರವಾಗಿರಲಿಲ್ಲ. ಪಾರಿವಾಳಗಳು ರೈಲುಕಂಬಿ ನೋಡಿಕೊಂಡು ಬರುತ್ತವೆ ಎಂಬುದು ಅವರ ಸಿದ್ಧಾಂತ. ಕಂಬಿಯೇ ಇಲ್ಲದ ಕಡೆ ಬಸ್ಸಿನಲ್ಲಿ ಒಯ್ದು ನಾನು ಒಂದನ್ನು ಬಿಟ್ಟೆ. ಅದೂ ಬಂತು. "ಮೊದ್ಲು ಓಗಿ ಕಂಬಿ ಉಡುಕ್ಕೊಂಡೈತೆ, ಆಮೇಲೆ ಬಂದೈತೆ" ಎಂದರು. ಅಂಥ ಮನುಷ್ಯನ ಜೊತೆ ಪ್ರಯೋಗ ಮಾಡುವುದು ಹೇಗೆ? ಆದರೂ ನಾನು ದಿನಾ ಮಾಳಿಗೆಗೆ ಹೋಗುತ್ತಿದ್ದೆ.

ಪಾರಿವಾಳದವರಲ್ಲಿ ಒಂದು ಕಟ್ಟಳೆ ಇತ್ತು. ದಾರಿ ತಪ್ಪಿದ ಪಾರಿವಾಳ ಯಾರ ಸೂರಿನ ಮೇಲೆ ಇಳಿದು ಗೂಡು ಹೊಕ್ಕಿತೋ ಅದು ಅವರದು. ಕೇಳುವ ಹಾಗಿಲ್ಲ. ಒಮ್ಮೆ ಗಾರ್ಡರ ಅಚ್ಚುಮೆಚ್ಚಿನ ಬೂದು ಗಂಡೊಂದು ಚಾಂಪಿಯನ್ ರೀಫ್ಸ್‌ನ ಮೇಸ್ತ್ರಿಯ ಗೂಡಿಗೆ ಇಳಿಯಿತು. ಗಣಿಯೊಳಗೆ ಮರದ ಆಸರೆ ಕಟ್ಟುವ ಕೆಲಸದ ತಮಿಳಿನ ಮೇಸ್ತ್ರಿ, ಕೈ ಬಿಗಿ, ಮಾತು ಒರಟು. ಅವನು ಅದನ್ನು ಒಂದು ಇಡೀ ಮಳೆಗಾಲ ಮುಚ್ಚಿಟ್ಟು, ಹೆಣ್ಣು ಜೊತೆ ಮಾಡಿ, ಮರಿಯನ್ನೂ ಎಬ್ಬಿಸಿ, ಇನ್ನು ಇದು ನನ್ನದು ಎಂದು ನಂಬಿಕೆ ಬಂದ ಮೇಲೆ ಬಾಗಿಲು ತೆರೆದ. ಅದು ಒಂದು ಸುತ್ತು ಹಾಕಿ ಬಂಗಾರಪೇಟೆಯ ಕಡೆಗೆ ಹಾರಿತು.

ಮೇಸ್ತ್ರಿ ಮುಂದಿನ ರೈಲಿಗೇ ಬಂದ. "ಅಣ್ಣಾ, ನನ್ನ ಪುರಾ ಇಲ್ಲಿ ಬಂತಾ?" ಎಂದು ಬೀದಿಯಿಂದಲೇ ಗದರಿದ. ಪಾರಿವಾಳಕ್ಕೆ ಅವನು ತನ್ನ ತಮಿಳಿನಲ್ಲಿ ಪುರಾ ಎನ್ನುತ್ತಿದ್ದ.

"ನಿಂದೇನ್ಲಾ ಅದು? ನಿಂದಾಗಿದ್ರೆ ಇಲ್ಯಾಕೆ ಬತ್ತಿತ್ತು?" ಎಂದ ಗಾರ್ಡರು ಅವನನ್ನು ಕೂರಿಸಿ ಕಾಫಿ ಕೊಡಿಸಿದರು. ಆಮೇಲೆ ಒಳಗೆ ಹೋಗಿ, ಆಗಷ್ಟೇ ಇಟ್ಟ ಎರಡು ಮೊಟ್ಟೆಗಳನ್ನು ಹತ್ತಿಯಲ್ಲಿ ಸುತ್ತಿ ತಂದರು. "ಹೊಟ್ಟೆಗೆ ಒತ್ತಿ ಇಟ್ಕೊಂಡು ಓಗು, ಬಿಸಿ ಆರಬಾರ್ದು. ನಿನ್ನ ಗೂಡಲ್ಲೇ ಮರಿಯಾಗ್ಲಿ. ಎಲ್ಲಿಂದ ಮೊದ್ಲ ಸಲ ರೆಕ್ಕೆ ಬಿಚ್ತದೋ ಆ ಜಾಗ ಅದ್ರ ತಲೆಯಾಗೆ ಕೂತ್ಕೊಂಬಿಡ್ತದೆ. ದೊಡ್ಡದನ್ನ ಹಿಡಿದು ಮುಚ್ಚಿಟ್ಟು ಏನ್ ಸುಖ? ಜೈಲು ಕಾಯೋ ಕೆಲಸ."

ಮೇಸ್ತ್ರಿ ಅಂಗಿಯೊಳಗೆ ಕೈಯಿಟ್ಟುಕೊಂಡು, ಹೊಟ್ಟೆನೋವಿನವನ ಹಾಗೆ ಬಾಗಿ ಸ್ಟೇಷನ್ನಿಗೆ ನಡೆದದ್ದು ನನಗೆ ಚೆನ್ನಾಗಿ ನೆನಪಿದೆ. ಇದನ್ನು ನಾನು ಕಣ್ಣಾರೆ ಕಂಡೆನೋ, ಗಾರ್ಡರ ಹೆಂಡತಿ ನಕ್ಕು ನಕ್ಕು ಹೇಳಿದ್ದನ್ನು ಕೇಳಿ ಕಟ್ಟಿಕೊಂಡೆನೋ ಎಂದು ಈಚೆಗೆ ಅನುಮಾನ ಶುರುವಾಗಿದೆ. ಅಂತೂ ಅವತ್ತಿನಿಂದ ಮೇಸ್ತ್ರಿ ಆ ಮನೆಯವನೇ ಆಗಿಹೋದ.

ಗಾರ್ಡರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮಕ್ಕಳಿಲ್ಲದ ದಂಪತಿ. ಅಕ್ಕ ಪಾರಿವಾಳಗಳನ್ನು ಮುಟ್ಟುತ್ತಿರಲಿಲ್ಲ, ಗೂಡಿನ ಹತ್ತಿರ ಹೋಗುತ್ತಿರಲಿಲ್ಲ. ಒಗೆದು ಹರವಿದ ಸೀರೆ ಮತ್ತೆ ಮತ್ತೆ ಕೊಳೆಯಾಗುವುದನ್ನು ಕಂಡು, "ಈ ಮನೆಯಾಗೆ ನಂಗೆ ಒಂದು ಹಗ್ಗ ಕಟ್ಟೋಕೂ ಜಾಗ ಇಲ್ಲ" ಎಂದು ಗೊಣಗುತ್ತಿದ್ದರು.

ಗಾರ್ಡರು ಕಾಮಾಲೆಯಿಂದ ತೀರಿಕೊಂಡರು. ಎರಡು ವಾರ ಮಲಗಿದ್ದರೇನೋ. ಕೊನೆಯ ದಿನಗಳಲ್ಲಿ ಅವರ ಕಣ್ಣು ಕೂಡ ಹಳದಿಯಾಗಿತ್ತು, ಆದರೆ ಕಾಳು ಹಾಕಿದಿರಾ ಎಂದು ನನ್ನನ್ನು ಕೇಳುವುದು ಮಾತ್ರ ನಿಲ್ಲಲಿಲ್ಲ.

ಅಕ್ಕ ಕ್ವಾರ್ಟರ್ಸು ಖಾಲಿ ಮಾಡಿ ಬೂದಿಕೋಟೆಯ ತಮ್ಮನ ಮನೆಗೆ ಹೋಗಬೇಕಾಯಿತು. ಪಾರಿವಾಳದವರೆಲ್ಲ ಸೋಡಾ ಅಂಗಡಿಯಲ್ಲಿ ಸೇರಿದರು. ಅಂಗಡಿಯವನೂ ಆ ಹುಚ್ಚಿನವನೇ. ತಮ್ಮೆಲ್ಲರ ಅಣ್ಣನಾಗಿದ್ದ ಗಾರ್ಡರ ಹೆಸರಿನಲ್ಲಿ ಅವರ ಪಾರಿವಾಳಗಳನ್ನು ಹರಾಜು ಹಾಕಿ, ಬಂದದ್ದರಲ್ಲಿ ಅಕ್ಕನಿಗೆ ಹಾಲು ಕರೆಯುವ ಒಂದು ಹಸು ಕೊಡಿಸುವುದೆಂದು ತೀರ್ಮಾನವಾಯಿತು. ಬೂದಿಕೋಟೆಯಲ್ಲಿ ಹಸುವಿದ್ದರೆ ತಮ್ಮನ ಮನೆಯಲ್ಲೂ ತಲೆಯೆತ್ತಿ ಇರಬಹುದು.

ಅಕ್ಕ ಕೇಳಿಸಿಕೊಂಡು ಹೇಳಿದರು: "ಧರ್ಮಕ್ಕೆ ಕೊಡೋದಾದ್ರೆ ಬ್ಯಾಡ. ಕೊಂಡೋರು ಅವನ್ನ ತಗೊಂಡೇ ಓಗಬೇಕು. ಒಂದ್ನೂ ಮುಚ್ಚಿಡಬಾರ್ದು, ಅವ್ರಿಗೆ ಅದು ಆಗ್ತಿರ್ಲಿಲ್ಲ. ಒಂದೂ ಯಾರ ಸಾರಿಗೂ ಓಗಬಾರ್ದು."

ಎಲ್ಲರೂ ಆಯಿತು ಎಂದರು. ಮುಚ್ಚಿಡದಿದ್ದರೆ ಅವು ಮರುದಿನವೇ ಹಳೆಯ ಸೂರಿಗೆ ಹಾರಿ ಬರುತ್ತವೆ ಎಂಬುದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಆ ಸೂರಿನ ಕೆಳಗೆ ಬರಲಿದ್ದ ಹೊಸ ಗಾರ್ಡಿನ ತಾಯಿಗೆ ಲಕ್ವ ಹೊಡೆದಿತ್ತು. ಲಕ್ವಕ್ಕೆ ಪಾರಿವಾಳದ ಸಾರಿಗಿಂತ ಮದ್ದಿಲ್ಲ ಎಂದು ನಂಬುವ ಸೀಮೆ ನಮ್ಮದು. ಮನೆ ನೋಡಲು ಬಂದಿದ್ದ ಅವನು ಗೂಡಿನ ಕಡೆ ಕೈ ತೋರಿಸಿ, "ಇವು ಇಲ್ಲೇ ಇರ್ತಾವಾ?" ಎಂದು ನನ್ನನ್ನೇ ಆಸೆಯಿಂದ ಕೇಳಿದ್ದ. ತಾಯಿಗಾಗಿ ಕೇಳಿದವನನ್ನು ಏನೆಂದು ಬೈಯುವುದು?

ಭಾನುವಾರ ಬೆಳಗಿನ ರೈಲಿಗೆ ಕೆಜಿಎಫ್‌ನವರು ಖಾಲಿ ಬುಟ್ಟಿ ಹಿಡಿದು ಇಳಿದರು. ಸೋಡಾ ಅಂಗಡಿಯವನು ಬೆಂಚಿನ ಮೇಲೆ ಹತ್ತಿ, ಒಂದೊಂದೇ ಪಾರಿವಾಳವನ್ನು ಎತ್ತಿ ಹಿಡಿದು ಕೂಗಿದ.

"ಅಣ್ಣನ ಬೂದು ಗಂಡು! ಜೋಲಾರ್‌ಪೇಟೆ ನೋಡಿದ್ದು, ಕಾಟ್ಪಾಡಿ ನೋಡಿದ್ದು! ಯಾರ್ ಕೇಳ್ತೀರಾ? ಏನ್ರಪ್ಪಾ, ಕೈ ಜೇಬಿಂದ ಈಚೆ ಬರಲ್ವಾ, ಜೇಬೇ ಇಲ್ವಾ?"

ಅವತ್ತು ಆ ಜಿಪುಣರಿಗೆಲ್ಲ ಏನಾಗಿತ್ತೋ. ರೆಕ್ಕೆ ಸವೆದ, ಮೊಟ್ಟೆ ನಿಂತ ಮುದಿ ಪಾರಿವಾಳಕ್ಕೂ ಒಬ್ಬರ ಮೇಲೊಬ್ಬರು ಏರಿಸಿ ಕೂಗಿದರು. ಬೂದು ಗಂಡು ಮೇಸ್ತ್ರಿಯ ಪಾಲಾಯಿತು. ಅದರಿಂದ ಒಮ್ಮೆ ಮೋಸಹೋದವನು ಅವನೇ. ನಾನು ಪಕ್ಕಕ್ಕೆ ಕರೆದು ಕೇಳಿದೆ: "ಅದು ನಿನ್ನ ಹತ್ತಿರ ನಿಲ್ಲಲ್ಲ ಅಂತ ಗೊತ್ತಲ್ಲ. ಮತ್ತೆ ಏನು ಅಂತ ಕೊಂಡೆ?"

"ನಾನು ಪುರಾ ಕೊಂಡಿಲ್ಲ ಸಾರ್," ಎಂದ, ಬುಟ್ಟಿಯ ಮುಚ್ಚಳ ಕಟ್ಟುತ್ತ. "ಅಣ್ಣನ ಹೆಸರು ಕೂಗಿದ್ರು. ಕೈ ಎತ್ತಿದೆ."

ಎಲ್ಲ ಮುಗಿದು ಬುಟ್ಟಿಗಳು ಸಾಲಾಗಿ ನಿಂತಾಗ ಅಕ್ಕ ಬಂದರು. ಅಂಗಡಿಯ ಮುಂದಿನ ಕಲ್ಲಿನ ಮೇಲೆ ನಿಂತು ಕೇಳಿದರು. "ಯಾರೂ ಮುಚ್ಚಿಡಲ್ಲ ತಾನೇ?"

"ಇಲ್ಲಮ್ಮಾ."

"ಅಂಗಾದ್ರೆ ಬಂದೇ ಬತ್ತವೆ. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಬಾಳಿದೀನಿ, ನಂಗೊತ್ತಿಲ್ವಾ? ಬಂದಾಗ ಅಲ್ಲಿ ನಾನಿರಲ್ಲ. ಒಲೆ ಮ್ಯಾಲೆ ಮಡಕೆ ಇಟ್ಕೊಂಡು ಇನ್ನೊಬ್ರು ಇರ್ತಾರೆ. ಏಳ್ರಪ್ಪಾ, ಏನ್ ಮಾಡಾಣ?"

ಹರಾಜು ಹಾಕುವ ಭರದಲ್ಲಿ, ಚಿಕ್ಕಂದಿನಿಂದ ಪಾರಿವಾಳ ಸಾಕಿದ ಆ ಜನ, ಪಾರಿವಾಳದ ಬಗ್ಗೆ ತಮಗೆ ಗೊತ್ತಿದ್ದ ಒಂದೇ ಒಂದು ಖಂಡಿತವಾದ ಸಂಗತಿಯನ್ನು ಬದಿಗಿಟ್ಟಿದ್ದರು. ಆಗ ಒಬ್ಬರು, "ಗೋಡೆಯಾಚೆ ಮೇಷ್ಟ್ರ ಮಾಳಿಗೆ ಇದೆಯಲ್ಲ" ಎಂದರು. ಹಾಗೆಂದವನು ನಾನೇ ಎಂಬುದು ನನ್ನ ನೆನಪು. ಸೋಡಾ ಅಂಗಡಿಯವನು ಸಾಯುವ ತನಕ ಅದು ತನ್ನ ಮಾತು ಎನ್ನುತ್ತಿದ್ದ. ನನ್ನಂಥವನು ಯೋಚಿಸದೆ ಅಂಥ ಮಾತು ಆಡಿರಲಾರ ಎನಿಸಿದಾಗ ಅವನದೇ ನಿಜವಿರಬೇಕು ಎಂದುಕೊಳ್ಳುತ್ತೇನೆ.

ಅಕ್ಕನ ಒಪ್ಪಿಗೆಯ ಮೇಲೆ, ಕೊಂಡವರು ಅದೊಂದು ವಾರವಷ್ಟೇ ಇಟ್ಟುಕೊಂಡು ಮುಂದಿನ ಭಾನುವಾರ ಬೆಳಿಗ್ಗೆ ಬುಟ್ಟಿ ಬಿಚ್ಚುವುದು, ಅಷ್ಟರಲ್ಲಿ ಗೂಡು ನನ್ನ ಮಾಳಿಗೆಗೆ ಬರುವುದು ಎಂದಾಯಿತು. ಮೇಸ್ತ್ರಿ ಗಣಿಗೆ ರಜೆ ಹಾಕಿ ಬಂದು, ಗೂಡನ್ನು ಹಲಗೆ ಹಲಗೆಯಾಗಿ ಕಳಚಿ, ಬಾಗಿಲು ಅದೇ ದಿಕ್ಕಿಗೆ ಇರುವ ಹಾಗೆ ಮತ್ತೆ ನಿಲ್ಲಿಸಿದ. ಆದರೆ ಅವನಿಗೆ ಧೈರ್ಯವಿರಲಿಲ್ಲ. "ಪುರಾಗೆ ಮನೆ ಅಂದ್ರೆ ಗೂಡು ಅಲ್ಲ ಸಾರ್, ಜಾಗ. ನಾಲ್ಕು ಮಾರು ಸರಿಸಿದ್ರೂ ಹಳೇ ಜಾಗಕ್ಕೇ ಇಳಿಯುತ್ತೆ."

ಆ ಭಾನುವಾರ ಹೊಸ ಗಾರ್ಡಿನ ಸಾಮಾನಿನ ಗಾಡಿಯೂ ಬಂತು. ಅವನ ತಾಯಿಯನ್ನು ಮಂಚದ ಸಮೇತ ಅಂಗಳದಲ್ಲಿ ಇಳಿಸಿದರು. ಅಕ್ಕ ತಮ್ಮ ಗಂಟುಗಳನ್ನು ನನ್ನ ಜಗಲಿಯಲ್ಲಿ ಇಟ್ಟುಕೊಂಡು ಕೂತಿದ್ದರು. ಹೊತ್ತು ಏರುವ ಮೊದಲೇ ಕೆಜಿಎಫ್ ಕಡೆಯಿಂದ ಮೊದಲ ಗುಂಪು ಬಂತು. ಒಂದು ಸುತ್ತು ಹಾಕಿ, ಮೇಸ್ತ್ರಿ ಹೇಳಿದ ಹಾಗೆಯೇ ಕ್ವಾರ್ಟರ್ಸಿನ ಬೋಳು ಸೂರಿನ ಮೇಲೆ ಇಳಿದವು. ಗೂಡಿದ್ದ ಜಾಗದಲ್ಲಿ ಅತ್ತಿಂದಿತ್ತ ನಡೆದಾಡಿದವು. ಇನ್ನೊಂದು ಗುಂಪು ಬಂದು ಅವುಗಳನ್ನು ಸೇರಿಕೊಂಡಿತು. ಕೆಳಗೆ ಹೊಸ ಗಾರ್ಡು ತಲೆಯೆತ್ತಿ ನೋಡುತ್ತ ನಿಂತ.

ನಾನು ಕೈ ಬೀಸಿದೆ, ಕಾಳು ಎರಚಿದೆ. ಗಾರ್ಡರು ನಾಲಿಗೆಯಿಂದ ಲೊಚಗುಟ್ಟಿ ಕರೆಯುತ್ತಿದ್ದದ್ದನ್ನು ಅಣಕಿಸಿ ನೋಡಿದೆ. ಒಂದೂ ತಿರುಗಿ ನೋಡಲಿಲ್ಲ. ಆಗ ಅಕ್ಕ ಮೊರದಲ್ಲಿ ರಾಗಿ ಹಾಕಿಕೊಂಡು ಮಾಳಿಗೆಗೆ ಬಂದರು. ಅವುಗಳನ್ನು ಹೇಗೆ ಕರೆಯಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಮನೆಗೆ ಬಂದ ನೆಂಟರನ್ನು ಎಲೆ ಹಾಕಿ ಕರೆಯುವ ಹಾಗೆ, ಸೆರಗು ಸರಿಮಾಡಿಕೊಂಡು, ದನಿ ತಗ್ಗಿಸಿ ಕರೆದರು:

"ಬನ್ರಮ್ಮಾ, ಊಟಕ್ಕೆ ಬನ್ನಿ. ಅಲ್ಲೇನೂ ಇಲ್ಲ. ಇಲ್ಲಿ ಬನ್ನಿ."

ಮೊದಲು ಬಂದದ್ದು ಬೂದು ಗಂಡೇ ಎಂದು ಹೇಳಲು ಆಸೆಯಾಗುತ್ತದೆ. ಯಾವುದು ಬಂತೋ ನಾನು ಗಮನಿಸಲಿಲ್ಲ. ಯಾವುದೋ ಒಂದು ಗೋಡೆ ದಾಟಿ ಮೊರದ ಅಂಚಿಗೆ ಇಳಿಯಿತು. ಹಿಂದೆಯೇ ಉಳಿದವೂ ಬಂದವು. ಸಂಜೆಯ ಹೊತ್ತಿಗೆ ಎಲ್ಲವೂ ನನ್ನ ಮಾಳಿಗೆಯ ಗೂಡು ಹೊಕ್ಕಿದ್ದವು. ಹರಾಜಿನಲ್ಲಿ ಒಂದನ್ನೂ ಕೂಗದ ನಾನು, ಅವರ ಕಟ್ಟಳೆಯ ಪ್ರಕಾರ, ಎಲ್ಲಕ್ಕೂ ಯಜಮಾನನಾದೆ. ದುಡ್ಡು ಕೊಟ್ಟವರು ಯಾರೂ ಕೇಳಿಕೊಂಡು ಬರಲಿಲ್ಲ. ಅವು ಹಸಿವಿಗೆ ಬಂದವು, ಕರೆದದ್ದಕ್ಕಲ್ಲ ಎಂದು ನಾನು ಈಗಲೂ ವಾದಿಸಬಲ್ಲೆ.

ಮರುದಿನ ಅಕ್ಕ ಬೂದಿಕೋಟೆಯ ಬಸ್ಸು ಹತ್ತಿದರು. ತಿಂಗಳೊಳಗೆ ಹಸುವೂ ಅಲ್ಲಿಗೆ ಹೋಯಿತು.

ಒಂದು ವರ್ಷ ಮುಗಿಯುವುದರೊಳಗೆ ನನಗೆ ಬೆಂಗಳೂರಿನ ಕಾಲೇಜೊಂದರಿಂದ ಕರೆ ಬಂತು. ಒಂದು ಊರಿನಲ್ಲಿ ನಿಂತು ಗೊತ್ತಿಲ್ಲದ ನಾನು ಅದಕ್ಕಾಗಿಯೇ ಕಾಯುತ್ತಿದ್ದವನು. ಹೋಗಲಿಲ್ಲ. ಬೂದಿಕೋಟೆಗೆ ಹೋದಾಗ ಅಕ್ಕ ಕಾಯಿಸಿದ ಹಾಲು ಕೊಡುತ್ತ, "ಯಾಕೆ ಓಗಲಿಲ್ಲ ಮೇಷ್ಟ್ರೇ?" ಎಂದು ಕೇಳಿದರು. ಅಲ್ಲಿ ಬಾಡಿಗೆ ಜಾಸ್ತಿ, ನೀರು ಸರಿಯಿಲ್ಲ ಎಂದೇನೋ ಹೇಳಿದೆ. ಅವರು ನಂಬಿದ ಹಾಗೆ ತಲೆಯಾಡಿಸಿದರು.

ಗಾರ್ಡರ ಪಾರಿವಾಳಗಳಲ್ಲಿ ಒಂದೂ ಮುಚ್ಚಿದ ಬಾಗಿಲ ಹಿಂದೆ ಸಾಯಲಿಲ್ಲ, ಒಂದೂ ಮಡಕೆಗೆ ಹೋಗಲಿಲ್ಲ. ವಯಸ್ಸಾಗಿ ಒಂದೊಂದೇ ಹೋದವು. ಕೊನೆಯದು ಹೋದಾಗ, ಇನ್ನು ಊರು ಬಿಡಬಹುದು ಎಂದು ಪೆಟ್ಟಿಗೆ ಕೂಡ ಕೆಳಗಿಳಿಸಿದೆ. ಆಮೇಲೆ ಮಾಳಿಗೆಗೆ ಹೋಗಿ ನೋಡಿದೆ. ಅವುಗಳ ಮರಿಗಳು, ಮರಿಗಳ ಮರಿಗಳು ಗೂಡಿನ ತುಂಬ ಇದ್ದವು. ಅವು ಮೊದಲ ಸಲ ರೆಕ್ಕೆ ಬಿಚ್ಚಿದ್ದು ನನ್ನ ಸೂರಿನಿಂದ. ಅವಕ್ಕೆ ಬೇರೆ ಜಾಗ ಗೊತ್ತಿರಲಿಲ್ಲ.