ಚಿನ್ನಿ ಎಲ್ಲಿಗೂ ಹೋಗುವುದಿಲ್ಲ

ಬೆಲ್ ಒತ್ತಿದ ಕೂಡಲೇ ಒಳಗಿನಿಂದ ಚಿನ್ನಿ ಬೊಗಳತೊಡಗಿತು. ಮಲ್ಲೇಶ್ವರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯ ಸರೋಜಮ್ಮನವರ ಪಮೇರಿಯನ್ ನಾಯಿ ಅದು. ಬೆಕ್ಕಿಗಿಂತ ತುಸು ದೊಡ್ಡದು, ಮೈತುಂಬ ಬಿಳಿ ಕೂದಲು. ಅದರ ಗಲಾಟೆ ಸಾಕಾಗಿ, ನಾಯಿಯನ್ನು ಬೇರೆಡೆ ಕಳಿಸಬೇಕೆಂಬ ಪತ್ರಕ್ಕೆ ಎಲ್ಲರೂ ಸಹಿ ಹಾಕಿದ್ದೆವು. ಪತ್ರ ಕೊಡಲು ಹೋದವಳು ನಾನು.

ತೆರೆದ ಕಿಟಕಿಯಿಂದ ಒಳಗೆ ನೋಡಿದೆ. ಚಿನ್ನಿ ಬಾಗಿಲಿಗೆ ಬರಲಿಲ್ಲ. ಅಡುಗೆಮನೆಗೆ ಓಡಿ, ಒಗ್ಗರಣೆ ಹಾಕುತ್ತಿದ್ದ ಸರೋಜಮ್ಮನವರ ಸೀರೆಯನ್ನು ಮುಂಗಾಲಿನಿಂದ ಕೆರೆಯಿತು. ಅವರು ತಿರುಗಿ ನೋಡಿದ ಮೇಲೆಯೇ ಬಾಗಿಲ ಕಡೆ ಓಡಿಬಂತು.

"ನಂಗೆ ಕಿವಿ ಪೂರ್ತಿ ಹೋಗಿದೆ ಕಣಮ್ಮ. ಬೆಲ್ ಆದ್ರೂ, ಕುಕ್ಕರ್ ಕೂಗಿದ್ರೂ ಇವ್ಳೇ ಬಂದು ಹೇಳ್ಬೇಕು," ಎಂದರು ಬಾಗಿಲು ತೆರೆದ ಸರೋಜಮ್ಮ.

ಹಿಂದಿನಿಂದ ಕರೆದರೂ ತಿರುಗಿ ನೋಡದ ಅವರನ್ನು ಮೂರು ವರ್ಷದಿಂದ ಜಂಬದವರೆಂದುಕೊಂಡಿದ್ದೆ. ಪತ್ರ ಕೊಡದೆ ವಾಪಸ್ ಬಂದೆ.

ಭಾನುವಾರ ನಿವಾಸಿಗಳ ಸಂಘದ ಸಭೆಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. "ಪಾಪ ಸರಿ, ಆದ್ರೆ ಎಲ್ರೂ ಸಹಿ ಹಾಕಿದಾರಲ್ಲ ಮೇಡಂ," ಎಂದರು ಕಾರ್ಯದರ್ಶಿ. ಅವರೆದುರೇ ನನ್ನ ಸಹಿಯ ಮೇಲೆ ಗೀಟು ಎಳೆದೆ.

"ನಾಯಿ ಎಲ್ಲಿಗೂ ಹೋಗಲ್ಲ. ಕಳಿಸ್ಬೇಕು ಅನ್ನೋರು ಅವರ ಮನೆಗೆ ಹೋಗಿ, ಒಂದು ಗಂಟೆ ಕೂತು ನೋಡ್ಕೊಂಡು ಬನ್ನಿ. ಆಮೇಲೆ ಮಾತಾಡೋಣ."

ಯಾರೂ ಹೋಗಲಿಲ್ಲ. ಪತ್ರವೂ ಅಲ್ಲಿಗೇ ನಿಂತಿತು.

ಲಿಫ್ಟಿನಲ್ಲಿ ಈಗ ಕೆಲವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ. ಚಿನ್ನಿ ಈಗಲೂ ದಿನಕ್ಕೆ ಹತ್ತು ಸಲ ಬೊಗಳುತ್ತದೆ. ಬೊಗಳಲಿ, ಅದು ಅದರ ಕೆಲಸ.